ಮಳೆಗಾಲಕ್ಕೆ ಜೀಪು, ಪಿಕಪ್ಪಿನ ಟಯರ್: ಯಾವುದು ಕೊಳ್ಳಬೇಕು, ಹೇಗೆ ಹಾಕಿಸಬೇಕು

ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ: "ಮಾರಾಯ್ರೇ, ಕೆಸರಿಗೆ ಯಾವ ಟಯರ್ ಒಳ್ಳೇದು?" ತೋಟ ನೋಡಿಕೊಳ್ಳಲು ಊರಿಗೆ ಬರುವ ಮೊದಲು ಒಂಬತ್ತು ವರ್ಷ ಟಯರ್ ಅಂಗಡಿಯಲ್ಲಿ ದುಡಿದವನು ಅಂತ ಎಲ್ಲರಿಗೂ ಗೊತ್ತಿದೆ, ಹಾಗಾಗಿ ಕೇಳುತ್ತಾರೆ. ನಾನು ವಾಪಸ್ ಕೇಳುವುದೂ ಒಂದೇ ಪ್ರಶ್ನೆ. "ನಿಮ್ಮ ಗಾಡಿ ದಿನಕ್ಕೆ ಎಷ್ಟು ದೂರ ಕೆಸರಲ್ಲಿ ಹೋಗ್ತದೆ, ಎಷ್ಟು ದೂರ ಡಾಂಬರಿನ ಮೇಲೆ ಹೋಗ್ತದೆ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಲೆಕ್ಕ ಬರುತ್ತದೆ: ಮನೆಯಿಂದ ಗೇಟಿನವರೆಗೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ರಸ್ತೆ, ಅಲ್ಲಿಂದ ಪೇಟೆಗೆ ಹದಿನಾಲ್ಕು ಕಿಲೋಮೀಟರ್ ಡಾಂಬರು. ಹೆಚ್ಚಿನವರದ್ದು ಇದೇ ಕಥೆ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಗಾಡಿ ಎರಡು ಕೆಲಸ ಮಾಡಬೇಕು. ಮೈಲುತುತ್ತ, ಸುಣ್ಣ, ಪಂಪು, ಪೈಪು ಹೊತ್ತು ತೋಟದ ಬುಡದವರೆಗೆ ಹೋಗಬೇಕು. ಬೋರ್ಡೋ ದ್ರಾವಣ 40-45 ದಿನಕ್ಕೊಮ್ಮೆ ಕೊನೆಗೆ ಬೀಳದೇ ಹೋದರೆ ಕೊಳೆರೋಗ ಏನು ಮಾಡುತ್ತದೆ ಅಂತ ಅಡಿಕೆ ಬೆಳೆಯುವವರಿಗೆ ನಾನು ಹೇಳಬೇಕಾಗಿಲ್ಲ. ಅದೇ ಗಾಡಿ ಮಕ್ಕಳನ್ನು ಶಾಲೆಗೆ ಬಿಡಬೇಕು, ಹಾಲು ಡೈರಿಗೆ ಮುಟ್ಟಿಸಬೇಕು, ಹೊತ್ತಲ್ಲದ ಹೊತ್ತಲ್ಲಿ ಆಸ್ಪತ್ರೆಗೂ ಓಡಬೇಕು. ಮೊದಲನೇ ಕೆಲಸದಲ್ಲಿ ಟಯರ್ ಸೋತರೆ ಗಾಡಿ ಹೂತುಕೊಳ್ಳುತ್ತದೆ. ನಾಲ್ಕು ಜನ ಸೇರಿ ದೂಡಿದರೆ, ಇಲ್ಲ ಪಕ್ಕದ ಮನೆಯವರ ಟ್ರ್ಯಾಕ್ಟರ್ ಬಂದು ಎಳೆದರೆ ಮುಗಿಯಿತು. ಎರಡನೇ ಕೆಲಸದಲ್ಲಿ ಸೋತರೆ ಗಾಡಿ ನಿಲ್ಲುವುದೇ ಇಲ್ಲ, ಎದುರಿಗೆ ಬಸ್ಸು ಇರುತ್ತದೆ.

ಅದಕ್ಕೇ ನಾನು ಹೇಳುವುದು: ಟಯರನ್ನು ಒದ್ದೆ ಡಾಂಬರಿಗೆ ಅಂತ ನೋಡಿ ಕೊಳ್ಳಿ. ಕೆಸರಿಗೆ ಬೇರೆ ಉಪಾಯಗಳಿವೆ, ಅವು ಟಯರಿಗಿಂತ ಅಗ್ಗ.

ಒದ್ದೆ ರಸ್ತೆಯಲ್ಲಿ ಏನಾಗುತ್ತದೆ

ಟಯರ್ ಎಷ್ಟೇ ದೊಡ್ಡದಿರಲಿ, ನೆಲಕ್ಕೆ ತಾಗುವ ಜಾಗ ಹೆಚ್ಚೂಕಡಿಮೆ ಒಂದು ಅಂಗೈಯಷ್ಟು. ಆ ಅಂಗೈಯಷ್ಟು ರಬ್ಬರು ಡಾಂಬರನ್ನು ನಿಜವಾಗಿ ಮುಟ್ಟಿದರೆ ಮಾತ್ರ ಬ್ರೇಕು, ಸ್ಟೀರಿಂಗು ಎರಡೂ ಕೇಳುತ್ತವೆ. ರಸ್ತೆ ಮೇಲೆ ನೀರು ನಿಂತಿದ್ದರೆ ಅದನ್ನು ಪಕ್ಕಕ್ಕೆ ತಳ್ಳಬೇಕು. ಟಯರಿನ ಗೀರುಗಳು ಇರುವುದು ಅದಕ್ಕೆ, ಅಂದಕ್ಕಲ್ಲ. ಗೀರು ಸವೆದು ಹೋದರೆ ಅಥವಾ ಗಾಡಿ ಜೋರಾಗಿದ್ದರೆ ನೀರಿಗೆ ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ. ಟಯರ್ ನೀರಿನ ಮೇಲೆ ತೇಲುತ್ತದೆ. ಸ್ಟೀರಿಂಗ್ ಒಮ್ಮೆಲೇ ಹಗುರಾಗುತ್ತದೆ, ತಿರುಗಿಸಿದರೂ ಗಾಡಿ ತಿರುಗುವುದಿಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆ ಇದೆ. "ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಇಡ್ಬೇಕು, ಹಿಡಿತ ಬರ್ತದೆ" ಅಂತ ಬಹಳ ಜನ ಹೇಳುತ್ತಾರೆ. ಡಾಂಬರಿನ ಮಟ್ಟಿಗೆ ಇದು ಪೂರ್ತಿ ಉಲ್ಟಾ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಟಯರ್‌ಗಳ ಮೇಲೆ ಪ್ರಯೋಗ ಮಾಡಿ, ಟಯರ್ ನೀರಿನ ಮೇಲೆ ತೇಲಲು ಶುರುಮಾಡುವ ವೇಗ ಮುಖ್ಯವಾಗಿ ಗಾಳಿಯ ಒತ್ತಡದ ಮೇಲೆ ನಿಂತಿದೆ ಅಂತ ತೋರಿಸಿದರು. ಅವರ ಸೂತ್ರಕ್ಕೆ ನಮ್ಮ ಗಾಡಿಯ ಲೆಕ್ಕ ಹಾಕಿದರೆ 32 ಪಿಎಸ್‌ಐ ಗಾಳಿಗೆ ಸುಮಾರು 94 ಕಿ.ಮೀ. ವೇಗ ಬರುತ್ತದೆ, 20 ಪಿಎಸ್‌ಐಗೆ ಸುಮಾರು 75 ಕಿ.ಮೀ. ಕಾರು, ಪಿಕಪ್ಪಿನ ಟಯರಿಗೆ ಇದು ಅಂದಾಜು ಮಾತ್ರ. ಗೀರಿನ ಆಳ, ನೀರಿನ ಆಳ, ಟಯರಿನ ಅಗಲ ಎಲ್ಲ ಸೇರಿ ಹೆಚ್ಚುಕಡಿಮೆ ಆಗುತ್ತದೆ. ಆದರೆ ಗಾಳಿ ಕಡಿಮೆ ಆದಷ್ಟೂ ಬೇಗ ತೇಲುತ್ತದೆ ಅನ್ನುವುದು ಬದಲಾಗುವುದಿಲ್ಲ. ಹೆದ್ದಾರಿಯ ಇಳಿಜಾರಿನಲ್ಲಿ 75 ಅಂದರೆ ನಮಗೆ ಜೋರು ಅಂತಲೂ ಅನಿಸುವುದಿಲ್ಲ.

ಇನ್ನೊಂದು ಅಪಾಯ ಮೊದಲ ಮಳೆಯದ್ದು. ಬೇಸಿಗೆ ಪೂರ್ತಿ ಬಿದ್ದ ಎಣ್ಣೆ, ಧೂಳು, ರಬ್ಬರು ಪುಡಿ ಎಲ್ಲ ನೆನೆದು ರಸ್ತೆ ಸೋಪು ಹಚ್ಚಿದ ಹಾಗೆ ಆಗಿರುತ್ತದೆ. ಜೋರು ಮಳೆ ಹೊಡೆದು ತೊಳೆದ ಮೇಲೆ ಪರವಾಗಿಲ್ಲ. ಆಶ್ಲೇಷ ಮಳೆಯ ಹೊತ್ತಿಗೆ ಮರದ ನೆರಳಿನ ಕಿರುರಸ್ತೆಗಳಲ್ಲಿ ಪಾಚಿ ಹಿಡಿದಿರುತ್ತದೆ, ಅದಕ್ಕೆ ಯಾವ ಟಯರೂ ಮದ್ದಲ್ಲ, ನಿಧಾನವೇ ಗತಿ.

ಯಾವ ಜಾತಿ ಟಯರ್

ಜೀಪು, ಬೊಲೆರೊ ಥರದ ಗಾಡಿಗಳಿಗೆ ಅಂಗಡಿಯಲ್ಲಿ ಮೂರು ಜಾತಿ ತೋರಿಸುತ್ತಾರೆ. ಎಚ್‌ಟಿ ಅಂದರೆ ಹೆದ್ದಾರಿಗೆ ಮಾಡಿದ್ದು, ಎಟಿ ಅಂದರೆ ಎರಡಕ್ಕೂ ಆಗುವಂಥದ್ದು, ಎಂಟಿ ಅಂದರೆ ಕೆಸರಿಗೇ ಮಾಡಿದ್ದು. ಎಂಟಿಯಲ್ಲಿ ದಪ್ಪ ದಪ್ಪ ಗಡ್ಡೆಗಳು, ನಡುವೆ ದೊಡ್ಡ ಸಂದು. ಚಕ್ರ ತಿರುಗಿದ ಹಾಗೆ ಸಂದಿನೊಳಗಿನ ಕೆಸರು ಸಿಡಿದು ಹೊರಗೆ ಹೋಗುತ್ತದೆ, ಗಡ್ಡೆ ಮತ್ತೆ ಹೊಸದಾಗಿ ಕಚ್ಚುತ್ತದೆ. ನೋಡಲಿಕ್ಕೂ ಗತ್ತು. ಹುಡುಗರಿಗೆ ಇದೇ ಬೇಕು.

ಆದರೆ ಆ ದೊಡ್ಡ ಸಂದು ಅಂದರೆ ಡಾಂಬರಿಗೆ ತಾಗುವ ರಬ್ಬರು ಅಷ್ಟು ಕಡಿಮೆ ಅಂತ ಅರ್ಥ. ಕಲ್ಲು ಕುಯ್ಯದಿರಲಿ ಅಂತ ರಬ್ಬರನ್ನೂ ಗಟ್ಟಿಯಾಗಿ ಮಾಡಿರುತ್ತಾರೆ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಒತ್ತಿದಾಗ ಈ ಎರಡೂ ನಿಮ್ಮ ವಿರುದ್ಧ ಕೆಲಸ ಮಾಡುತ್ತವೆ. ಎಸ್ಟೇಟು ಬಿಟ್ಟು ಹೊರಗೆ ಬಾರದ ಹಳೇ ಜೀಪಿಗೆ ಎಂಟಿ ಹಾಕಿ, ಬೇಡ ಅನ್ನುವುದಿಲ್ಲ. ಆಗುಂಬೆ, ಚಾರ್ಮಾಡಿ, ಹುಲಿಕಲ್ ಘಾಟಿ ಇಳಿಯುವ ಗಾಡಿಗೆ ಹಾಕಬೇಡಿ.

ನನ್ನ ಲೆಕ್ಕದಲ್ಲಿ ಮನೆಗೂ ತೋಟಕ್ಕೂ ಒಂದೇ ಗಾಡಿ ಇರುವವರಿಗೆ ಎಟಿ ಸರಿ. ಅದರಲ್ಲೂ ಅತಿ ಒರಟು ಗಡ್ಡೆಯದ್ದು ಬೇಡ. ನಡುವೆ ಸುತ್ತಲೂ ಹೋಗುವ ಆಳದ ಗೀರು, ಗಡ್ಡೆಗಳ ಮೇಲೆ ಬ್ಲೇಡಿನಲ್ಲಿ ಎಳೆದ ಹಾಗೆ ಸಣ್ಣ ಸಣ್ಣ ಸೀಳು ಇರುವಂಥದ್ದು ನೋಡಿ. ದೊಡ್ಡ ಗೀರು ನೀರನ್ನು ಸಾಗಿಸುತ್ತದೆ, ಆ ಸಣ್ಣ ಸೀಳುಗಳ ಅಂಚು ಉಳಿದ ತೆಳು ನೀರಿನ ಪದರವನ್ನು ಒಡೆದು ಡಾಂಬರು ಹಿಡಿಯುತ್ತದೆ. ಸಣ್ಣ ಕಾರಿನವರಿಗೆ ಈ ಆಯ್ಕೆಯೇ ಇಲ್ಲ. ಗೀರು ಆಳ ಇರುವ ಒಳ್ಳೆಯ ಸಾದಾ ಟಯರ್ ಸಾಕು. ಪಿಕಪ್ ಇರುವವರು ಮುಂದಕ್ಕೆ ರಿಬ್, ಹಿಂದಕ್ಕೆ ಸೆಮಿ ಲಗ್ ಹಾಕಿಸುವುದು ವಾಡಿಕೆ, ಅದು ಚೆನ್ನಾಗಿಯೇ ನಡೆಯುತ್ತದೆ. ಉದ್ದ ಗೀರಿನ ರಿಬ್ ಸ್ಟೀರಿಂಗಿಗೆ ಒಳ್ಳೆಯದು, ಲಗ್ಗಿನ ಅಡ್ಡ ಗಡ್ಡೆ ಎಳೆಯಲಿಕ್ಕೆ ಒಳ್ಳೆಯದು.

ಅಗಲದ ಬಗ್ಗೆ ಒಂದು ಮಾತು. "ಅಗಲ ಟಯರ್ ಹಾಕ್ಸಿದ್ರೆ ಹಿಡಿತ ಜಾಸ್ತಿ" ಅಂತ ಕಂಪನಿ ಕೊಟ್ಟ ಅಳತೆ ಬಿಟ್ಟು ದೊಡ್ಡದು ಹಾಕಿಸುವವರಿದ್ದಾರೆ. ಅಗಲ ಆದಷ್ಟೂ ತಳ್ಳಬೇಕಾದ ನೀರು ಹೆಚ್ಚು, ಹಾಗಾಗಿ ನಿಂತ ನೀರಿನಲ್ಲಿ ಬೇಗ ತೇಲುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ರಸ್ತೆಗೂ ಅದು ಹೊಂದುವುದಿಲ್ಲ. ಮೇಲೆ ಮೂರು ನಾಲ್ಕು ಇಂಚು ರಾಡಿ ಇದ್ದರೂ ಕೆಳಗೆ ಗಟ್ಟಿ ತಳ ಇರುತ್ತದೆ. ಕಿರಿದಾದ ಟಯರ್ ರಾಡಿ ಸೀಳಿಕೊಂಡು ಹೋಗಿ ಆ ತಳವನ್ನು ಹಿಡಿಯುತ್ತದೆ, ಅಗಲದ್ದು ಮೇಲೆಯೇ ಜಾರುತ್ತದೆ. ತಳವೇ ಇಲ್ಲದ ಗದ್ದೆ ಕೆಸರಿನ ವಿಷಯ ಬೇರೆ, ಅಲ್ಲಿ ಪಿಕಪ್ ಒಯ್ಯುವ ಕೆಲಸವೇ ಬೇಡ. ಹಾವೇರಿ, ಧಾರವಾಡ ಕಡೆಯ ಎರೆಮಣ್ಣಿನವರಿಗೆ ಇನ್ನೊಂದು ಪಾಡು. ಆ ಮಣ್ಣು ಟಯರಿಗೆ ಅಂಟಿ ಗೀರೆಲ್ಲ ತುಂಬಿ ಚಕ್ರ ಮಣ್ಣಿನ ಉಂಡೆ ಆಗಿಬಿಡುತ್ತದೆ. ಅಲ್ಲಿ ಅರ್ಧ ದಿನ ಬಿಸಿಲಿಗೆ ಕಾಯುವುದಕ್ಕಿಂತ ಒಳ್ಳೆಯ ಟಯರ್ ನನಗೆ ಗೊತ್ತಿಲ್ಲ.

ಈಚೆಗೆ ಹೊಸದೊಂದು ಪ್ರಶ್ನೆ ಶುರುವಾಗಿದೆ. ಮಗನೋ ಮಗಳೋ ಕೆನಡಾದಲ್ಲೋ ಜರ್ಮನಿಯಲ್ಲೋ ಇರುತ್ತಾರೆ, ಅವರು ಚಳಿಗಾಲಕ್ಕೆ ಕಾರಿನ ನಾಲ್ಕೂ ಟಯರ್ ಬದಲಿಸುತ್ತಾರೆ. "ಅಂಥದ್ದೇ ನಮ್ಮ ಮಳೆಗೂ ಹಾಕ್ಬಹುದಲ್ಲ?" ಆಗುವುದಿಲ್ಲ. ಅದು ಚಳಿಯ ಟಯರ್, ಒದ್ದೆಯ ಟಯರ್ ಅಲ್ಲ. ಉಷ್ಣತೆ 7 ಡಿಗ್ರಿಗಿಂತ ಕೆಳಗೆ ಹೋದಾಗ ಸಾಮಾನ್ಯ ರಬ್ಬರು ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಅದಕ್ಕಾಗಿ ಅವರು ಚಳಿಯಲ್ಲೂ ಮೆತ್ತಗೆ ಉಳಿಯುವ ರಬ್ಬರು ಮಾಡುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಡ್ಡಾಯ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ನಮ್ಮಲ್ಲಿ ಎಂಥ ಮಳೆಗಾಲದಲ್ಲೂ 7 ಡಿಗ್ರಿಗೆ ಇಳಿಯುವುದಿಲ್ಲ. ಮಳೆ ಬಿಟ್ಟ ದಿನ 28-30 ಡಿಗ್ರಿಯಲ್ಲಿ ಆ ಮೆತ್ತನೆ ರಬ್ಬರು ಓಡಿದರೆ ರಬ್ಬರ್‌ಪೆನ್ಸಿಲ್ ಸವೆದ ಹಾಗೆ ಸವೆಯುತ್ತದೆ, ಬ್ರೇಕಿಗೂ ಸರಿಯಾಗಿ ನಿಲ್ಲುವುದಿಲ್ಲ. ಎಂ ಪ್ಲಸ್ ಎಸ್ ಅಂತ ಬರೆದದ್ದನ್ನು ನೋಡಿಯೂ ಮರುಳಾಗಬೇಡಿ. ಗಡ್ಡೆಯ ವಿನ್ಯಾಸ ಕೆಸರಿಗೂ ಹಿಮಕ್ಕೂ ಆಗುವಂಥದ್ದು ಅಂತ ತಯಾರಕರು ಹೇಳಿಕೊಳ್ಳುವ ಗುರುತು ಅಷ್ಟೇ. ಆದರೆ ಅವರ ಒಂದು ಪದ್ಧತಿ ನಮಗೆ ಬೇಕು: ಕಾಲ ಶುರುವಾಗುವ ಮೊದಲೇ ಟಯರ್ ನೋಡಿಸುವುದು. ನಾವು ಗಾಡಿ ಒಮ್ಮೆ ಜಾರಿದ ಮೇಲೆ ಅಂಗಡಿಗೆ ಹೋಗುತ್ತೇವೆ.

ಟಯರಿನ ಪಕ್ಕದಲ್ಲಿ ಬರೆದದ್ದನ್ನು ಓದಿ

215/75 ಆರ್ 15 ಅಂತ ಇದ್ದರೆ ಅಗಲ 215 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ನೂರಕ್ಕೆ 75, ಆರ್ ಅಂದರೆ ರೇಡಿಯಲ್, ಡಿಸ್ಕಿನ ಅಳತೆ 15 ಇಂಚು. ಇದನ್ನು ಅಂಗಡಿಯವರು ನೋಡಿಕೊಳ್ಳುತ್ತಾರೆ. ನೀವು ನೋಡಬೇಕಾದ್ದು ಇದರ ಮುಂದೆ ಇರುವ ಎರಡಂಕಿ ಅಥವಾ ಮೂರಂಕಿಯ ಸಂಖ್ಯೆ. ಅದು ಹೊರೆಯ ಗುರುತು. 91 ಅಂತ ಇದ್ದರೆ ಒಂದು ಟಯರ್ 615 ಕಿಲೋ ಹೊರುತ್ತದೆ, 95 ಇದ್ದರೆ 690, 100 ಇದ್ದರೆ 800 ಕಿಲೋ. ಗಾಳಿ ಪೂರ್ತಿ ಇದ್ದಾಗ ಮಾತ್ರ ಈ ಲೆಕ್ಕ.

ಪಿಕಪ್ಪಿಗೆ ಇದು ಯಾಕೆ ಮುಖ್ಯ ಅಂದರೆ, ಡಿಸ್ಕಿಗೆ ಸರಿಹೊಂದುತ್ತದೆ, ನೂರಿನ್ನೂರು ಉಳಿಯುತ್ತದೆ ಅಂತ ಪಿಕಪ್ಪಿಗೆ ಕಾರಿನ ಟಯರ್ ಹಾಕಿಸುವವರನ್ನು ಅಂಗಡಿಯಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ. 200 ಲೀಟರಿನ ಎರಡು ಡ್ರಮ್ಮು ತುಂಬಿದರೆ ನೀರೇ 400 ಕಿಲೋ. ಮೇಲೆ ಎಂಜಿನ್ನು, ಸುಣ್ಣದ ಚೀಲ, ಹಿಂದೆ ನಿಂತ ಐದಾರು ಜನ. ಈ ಹೊರೆಯ ಬಹುಪಾಲು ಬೀಳುವುದು ಹಿಂದಿನ ಎರಡು ಟಯರಿನ ಮೇಲೆ, ನಾಲ್ಕಕ್ಕೆ ಸಮ ಹಂಚುವುದಿಲ್ಲ. ಪಿಕಪ್ಪಿಗೆ ಎಲ್‌ಟಿ ಅಂತ ಬರೆದ, ಕಂಪನಿ ಹೇಳಿದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಹೊರೆಯ ಗುರುತು ಇರುವ ಟಯರನ್ನೇ ಹಾಕಿಸಿ. ಆದರೆ ನೀರನ್ನು ತೋಟದ ಹತ್ತಿರವೇ ತುಂಬಿಕೊಳ್ಳುವ ವ್ಯವಸ್ಥೆ ಮಾಡಿಕೊಂಡರೆ ಅರ್ಧ ಸಮಸ್ಯೆ ಹೋಯಿತು.

ಆಮೇಲೆ ತಾರೀಕು. ಪಕ್ಕದಲ್ಲಿ ಉದ್ದುದ್ದ ಅಕ್ಷರ, ಅಂಕಿಗಳ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಅಂತ ಇದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಬದಿಯಲ್ಲಿ ಇಲ್ಲದಿದ್ದರೆ ಇನ್ನೊಂದು ಬದಿ ನೋಡಿ. ರಬ್ಬರು ಓಡದೇ ಇದ್ದರೂ ವಯಸ್ಸಾಗುತ್ತದೆ, ಗಟ್ಟಿಯಾಗುತ್ತದೆ. ಬೇಸಿಗೆಯ "ಆಫರ್" ಮಾಲಿನಲ್ಲಿ ಮೂರು ವರ್ಷ ಹಳೆಯದು ಸಿಕ್ಕಿದರೆ ಬೆಲೆ ಅದಕ್ಕೆ ತಕ್ಕ ಹಾಗೆ ಇಳಿದಿದೆಯೋ ನೋಡಿ, ಇಲ್ಲದಿದ್ದರೆ ವಾಪಸ್ ಬನ್ನಿ. ಐದಾರು ವರ್ಷ ದಾಟಿದ ಟಯರಿನಲ್ಲಿ ಗೀರು ಎಷ್ಟೇ ಇರಲಿ, ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಬಂದಿದೆಯೋ ಅಂತ ಪ್ರತಿ ವರ್ಷ ನೋಡಬೇಕು. ಸೆಕೆಂಡ್ ಹ್ಯಾಂಡ್ ಟಯರ್ ತರುವವರು ಮೊದಲು ಈ ನಾಲ್ಕು ಅಂಕಿ ಓದಿ, ಆಮೇಲೆ ಒಳಗೆ ಕೈ ಆಡಿಸಿ ಪ್ಯಾಚ್ ಇದೆಯೋ ನೋಡಿ.

ಸವೆತ ನೋಡುವುದು ಸುಲಭ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ಏರು ಇರುತ್ತದೆ. ಟಯರ್ ಸವೆದು ಆ ಏರಿಗೆ ಸಮ ಬಂತು ಅಂದರೆ ಉಳಿದದ್ದು 1.6 ಮಿಲಿಮೀಟರ್. ಕಾರು, ಪಿಕಪ್ಪಿಗೆ ಕಾನೂನಿನ ಕೊನೆಯ ಗಡಿ ಅದು. ಆದರೆ ಕಾನೂನಿನ ಗಡಿ ಮಲೆನಾಡಿನ ಮಳೆ ನೋಡಿ ಮಾಡಿದ್ದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಬೀಳುತ್ತದೆ. ಹೊಸ ಕಾರಿನ ಟಯರಿನ ಗೀರು ಸುಮಾರು 8 ಮಿಲಿಮೀಟರ್ ಇರುತ್ತದೆ. 3ಕ್ಕೆ ಬಂದರೆ ಮಳೆಗಾಲದ ಮಟ್ಟಿಗೆ ಅದರ ಆಯುಷ್ಯ ಮುಗಿಯಿತು ಅಂತ ನಾನು ಲೆಕ್ಕ ಹಿಡಿಯುತ್ತೇನೆ. ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲು ಹಿಡಿದು ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಿರಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಹೊಸ ಟಯರ್ ಹಾಕಿದರೂ ಹಾಗೆಯೇ ತಿನ್ನುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ, ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ.

ಎರಡೇ ಹೊಸ ಟಯರ್ ತಂದರೆ ಎಲ್ಲಿ ಹಾಕಬೇಕು

ಇದು ಪ್ರತಿ ವರ್ಷ ಜಗಳ ಆಗುವ ವಿಷಯ. ನಾಲ್ಕೂ ಒಟ್ಟಿಗೆ ಹಾಕಿಸಲು ಎಲ್ಲರಿಗೂ ಆಗುವುದಿಲ್ಲ, ಎರಡು ತರುತ್ತಾರೆ. "ಸ್ಟೀರಿಂಗ್ ಇರೋದು ಮುಂದೆ, ಬ್ರೇಕಿನ ಜೋರು ಬೀಳೋದು ಮುಂದೆ, ಹೊಸದು ಮುಂದೆ ಇರ್ಲಿ" ಅಂತ ಹೇಳುತ್ತಾರೆ. ಕೇಳಲು ಸರಿ ಅನಿಸುತ್ತದೆ. ಆದರೆ ಹೊಸ ಟಯರ್ ಯಾವತ್ತೂ ಹಿಂದಕ್ಕೆ ಹಾಕಬೇಕು. ಟಯರ್ ತಯಾರಿಸುವ ದೊಡ್ಡ ಕಂಪನಿಗಳೂ ಇದನ್ನೇ ಹೇಳುತ್ತವೆ.

ಕಾರಣ ಹೀಗಿದೆ. ಒದ್ದೆ ತಿರುವಿನಲ್ಲಿ ಮುಂದಿನ ಟಯರ್ ಹಿಡಿತ ಬಿಟ್ಟರೆ ಗಾಡಿ ತಿರುಗದೇ ನೇರ ಹೋಗಲು ನೋಡುತ್ತದೆ. ಸ್ಟೀರಿಂಗಿನಲ್ಲಿ ಅದು ಕೈಗೆ ಗೊತ್ತಾಗುತ್ತದೆ, ಕಾಲು ಎತ್ತುತ್ತೀರಿ, ವೇಗ ಇಳಿಯುತ್ತದೆ, ಹಿಡಿತ ವಾಪಸ್ ಬರುತ್ತದೆ. ಹಿಂದಿನ ಟಯರ್ ಬಿಟ್ಟರೆ ಮುನ್ಸೂಚನೆ ಇಲ್ಲ. ಹಿಂಭಾಗ ಹೊರಕ್ಕೆ ಬೀಸಿ ಗಾಡಿ ಬುಗುರಿಯ ಹಾಗೆ ಸುತ್ತುತ್ತದೆ. ಹೆದರಿ ಕಾಲು ಎತ್ತಿದರೆ, ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ ಸುತ್ತುತ್ತದೆ, ಯಾಕೆಂದರೆ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತದೆ. ಅದನ್ನು ಸರಿಮಾಡುವ ಚಾಲಾಕಿ ರೇಸು ಓಡಿಸುವವರಿಗೆ ಇರಬಹುದು, ನಮಗಿಲ್ಲ. ಖಾಲಿ ಪಿಕಪ್ಪಿನಲ್ಲಂತೂ ಹಿಂದೆ ಭಾರವೇ ಇರುವುದಿಲ್ಲ, ಎಳೆಯುವುದೂ ಹಿಂದಿನ ಚಕ್ರವೇ. ಮಂಡಿಗೆ ಅಡಿಕೆ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುವಾಗಲೇ ಹೆಚ್ಚು ಜಾರುವುದು ಅಂತ ಓಡಿಸುವವರಿಗೆ ಗೊತ್ತು. ಮುಂದಿನ ಚಕ್ರ ಎಳೆಯುವ ಸಣ್ಣ ಕಾರಿಗೂ ಇದೇ ನಿಯಮ, ಹೊಸದು ಹಿಂದಕ್ಕೆ. ಅಂದರೆ ಸವೆದದ್ದು ಮುಂದಕ್ಕೆ ಹಾಕಿ ಅಂತಲ್ಲ. 3 ಮಿಲಿಮೀಟರ್‌ಗಿಂತ ಕೆಳಗೆ ಹೋದದ್ದು ಮುಂದೆಯೂ ಬೇಡ, ಹಿಂದೆಯೂ ಬೇಡ.

ಒಂದೇ ಆಕ್ಸಲಿನ ಎರಡೂ ಬದಿಗೆ ಒಂದೇ ಕಂಪನಿಯ ಒಂದೇ ವಿನ್ಯಾಸದ ಜೋಡಿ ಇರಬೇಕು. ಒಂದು ಬದಿ ರೇಡಿಯಲ್, ಇನ್ನೊಂದು ಬದಿ ಹಳೇ ನೈಲಾನ್ ಟಯರ್ ಹಾಕಲೇಬಾರದು. ಫೋರ್ ವೀಲ್ ಜೀಪಾದರೆ ನಾಲ್ಕೂ ಒಂದೇ ಸುತ್ತಳತೆ ಇರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸಿಗೆ ಪೆಟ್ಟು. ಡಾಂಬರಿಗೆ ಬಂದಕೂಡಲೇ ಟೂ ವೀಲಿಗೆ ಹಾಕುವುದನ್ನು ಮರೆಯಬೇಡಿ.

ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ನೋಡಿ

ಟಯರ್ ಬಿಚ್ಚಿದಾಗ ಡಿಸ್ಕಿನ ಅಂಚು ನೋಡಿ. ನಮ್ಮ ತೇವಕ್ಕೆ ಅಲ್ಲಿ ತುಕ್ಕು ಪದರ ಪದರವಾಗಿ ಹಿಡಿದಿರುತ್ತದೆ. ಟ್ಯೂಬ್‌ಲೆಸ್ ಟಯರಿನಲ್ಲಿ ಗಾಳಿ ನಿಲ್ಲುವುದು ಆ ಅಂಚಿನಲ್ಲಿಯೇ. ತಂತಿ ಬ್ರಷ್ಷಿನಲ್ಲಿ ಉಜ್ಜಿಸಿ, ವಾಲ್ವು ಹೊಸದು ಹಾಕಿಸಿ, ಚಿಲ್ಲರೆ ದುಡ್ಡಿನ ಕೆಲಸ. ಅದು ಬಿಟ್ಟು "ಗಾಳಿ ಇಳೀತದೆ, ಒಳಗೆ ಟ್ಯೂಬ್ ಹಾಕ್ಬಿಡಿ" ಅನ್ನಬೇಡಿ. ಟ್ಯೂಬ್‌ಲೆಸ್ ಟಯರಿನೊಳಗೆ ಟ್ಯೂಬು ಉಜ್ಜಿ ಬಿಸಿಯಾಗುತ್ತದೆ, ಒಡೆದರೆ ಒಮ್ಮೆಲೇ ಗಾಳಿ ಹೋಗುತ್ತದೆ.

ಟಯರ್ ಕೂರಿಸಲು ಸೋಪಿನ ನೀರು ಹಚ್ಚಲಿ. ಗ್ರೀಸು, ಡೀಸೆಲ್ಲು ಹಚ್ಚಲು ಬಿಡಬೇಡಿ, ಎಣ್ಣೆ ಅಂಶ ರಬ್ಬರನ್ನು ಕೆಡಿಸುತ್ತದೆ. ಕೆಲವು ಟಯರಿನ ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ, ಗಾಡಿ ಮುಂದೆ ಹೋಗುವಾಗ ಚಕ್ರ ಆ ಕಡೆಗೇ ತಿರುಗಬೇಕು. ಉಲ್ಟಾ ಹಾಕಿದರೆ ಗೀರು ನೀರನ್ನು ಹೊರಗೆ ತಳ್ಳುವ ಬದಲು ಒಳಗೆ ಎಳೆದುಕೊಳ್ಳುತ್ತದೆ. ಕೆಲಸದ ಹುಡುಗರು ಗಡಿಬಿಡಿಯಲ್ಲಿ ಇದನ್ನು ತಪ್ಪುವುದುಂಟು, ನೀವೇ ನೋಡಿಕೊಳ್ಳಿ. ನಟ್ಟುಗಳನ್ನು ಸಾಲಾಗಿ ಬಿಗಿಯಬಾರದು, ಒಂದು ಬಿಟ್ಟು ಒಂದರಂತೆ ಎದುರುಬದುರು ಬಿಗಿಯಬೇಕು, ಆಗ ಡಿಸ್ಕು ಸಮ ಕೂರುತ್ತದೆ. ಪಾನದ ಮೇಲೆ ಹತ್ತಿ ನಿಂತು ಕುಣಿಯುವುದು ಬೇಡ, ಬೋಲ್ಟಿನ ಹುರಿ ಹೋಗುತ್ತದೆ. ಬೋಲ್ಟಿಗೆ ಗ್ರೀಸು ಹಚ್ಚಬೇಡಿ. ಡಿಸ್ಕು ತುಕ್ಕಿಗೆ ಹಬ್ಬಿಗೆ ಕಚ್ಚಿಕೊಳ್ಳುತ್ತದೆ ಅನ್ನುವವರು ಹಬ್ಬಿನ ನಡುವಿನ ಏರಿಗೆ ಮಾತ್ರ ತೆಳುವಾಗಿ ಸವರಬಹುದು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ, 50-100 ಕಿ.ಮೀ. ಓಡಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿ ನೋಡಿ. ಹೊಸ ಟಯರಿನ ಮೇಲ್ಮೈ ನುಣುಪಾಗಿರುತ್ತದೆ, ಮೊದಲ ಕೆಲವು ದಿನ ಮಳೆಯಲ್ಲಿ ಜೋರು ಬೇಡ. ಜೋರು ಮಳೆಗೆ ಮೊದಲೇ ಹಾಕಿಸಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ. ಜಾಕಿನ ಅಡಿಗೆ ಇಡಲು ಒಂದಡಿ ಉದ್ದದ ದಪ್ಪ ಹಲಗೆ ಗಾಡಿಯಲ್ಲೇ ಇರಲಿ. ಕೆಸರಲ್ಲಿ ಜಾಕ್ ಗಾಡಿಯನ್ನು ಎತ್ತುವುದಿಲ್ಲ, ತಾನೇ ಇಳಿಯುತ್ತದೆ.

ಗಾಳಿ ನೋಡಿಸಬೇಕಾದ್ದು ಟಯರ್ ತಣ್ಣಗಿರುವಾಗ. ಎಷ್ಟು ಅಂತ ಬಾಗಿಲಿನ ಪಕ್ಕದ ಚೀಟಿಯಲ್ಲಿ ಇರುತ್ತದೆ, ಖಾಲಿಗೆ ಬೇರೆ, ಹೊರೆಗೆ ಬೇರೆ. ನೈಟ್ರೋಜನ್‌ಗೆ ದುಡ್ಡು ಕೊಡಬೇಕಾಗಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ.

ಇನ್ನು ಕೆಸರಿಗೆ

ಜೀಪಿನ ಹಿಂದಿನ ಚಕ್ರಕ್ಕೆ ಚೈನು ಕಟ್ಟುವುದು ನಮ್ಮ ಕಡೆ ಹೊಸದಲ್ಲ. ಹಿಮದ ದೇಶದವರೂ ಇದನ್ನೇ ಮಾಡುತ್ತಾರೆ. ಮುಕ್ಕಾಲು ಕಿಲೋಮೀಟರ್ ಕೆಸರಿಗೆ ನಾಲ್ಕು ಎಂಟಿ ಟಯರ್ ಕೊಳ್ಳುವ ಬದಲು ಒಂದು ಜೊತೆ ಚೈನು ಸಾಕು.

ಚೈನು ನಿಮ್ಮ ಟಯರಿನ ಅಳತೆಗೇ ಇರಬೇಕು. ಎಳೆಯುವ ಆಕ್ಸಲಿನ ಎರಡೂ ಚಕ್ರಕ್ಕೆ ಕಟ್ಟಬೇಕು. ಒಂದಕ್ಕೇ ಕಟ್ಟಿದರೆ ಹಿಡಿತ ಇಲ್ಲದ ಇನ್ನೊಂದು ಚಕ್ರ ಸುಮ್ಮನೆ ತಿರುಗುತ್ತದೆ, ಡಿಫರೆನ್ಷಿಯಲ್ಲಿನ ಗುಣವೇ ಅದು. ಕೆಸರು ಶುರುವಾಗುವ ಮೊದಲು ಗಟ್ಟಿ ಜಾಗದಲ್ಲಿ ಚೈನನ್ನು ಸಿಕ್ಕಿಲ್ಲದೆ ನೆಲಕ್ಕೆ ಹಾಸಿ, ಮೇಲೆ ಗಾಡಿ ಹತ್ತಿಸಿ, ಸುತ್ತಿ ಕೊಕ್ಕೆ ಹಾಕಿ. ಕೊಕ್ಕೆಯ ತೆರೆದ ತುದಿ ಹೊರಕ್ಕೆ ಇರಲಿ, ಒಳಕ್ಕೆ ಇದ್ದರೆ ಟಯರಿನ ಗೋಡೆಯನ್ನು ತಿನ್ನುತ್ತದೆ. ಒಳಬದಿಯ ಚೈನು ಬ್ರೇಕಿನ ಪೈಪಿಗೆ ತಾಗುತ್ತದೋ ಅಂತ ಬಗ್ಗಿ ನೋಡಿ. ನೂರು ಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಮೊದಲ ಸಲ ಎಷ್ಟೇ ಬಿಗಿದರೂ ಸಡಿಲ ಆಗುತ್ತದೆ. ಹಳೇ ಟ್ಯೂಬಿನ ಪಟ್ಟಿಯನ್ನು ಹೊರಬದಿಗೆ ಅಡ್ಡಡ್ಡ ಎಳೆದು ಕಟ್ಟಿದರೆ ಸಡಿಲ ತಾನೇ ಹೀರಿಕೊಳ್ಳುತ್ತದೆ. ನಡೆಯುವವರ ವೇಗಕ್ಕಿಂತ ಸ್ವಲ್ಪ ಜೋರು ಸಾಕು. ಡಾಂಬರಿಗೆ ಹತ್ತುವ ಮೊದಲು ಬಿಚ್ಚಲೇಬೇಕು. ಡಾಂಬರಿನ ಮೇಲೆ ಚೈನಿನ ಕಬ್ಬಿಣ ಜಾರುತ್ತದೆ, ರಸ್ತೆ ಹಾಳು, ಟಯರೂ ಹಾಳು. "ಐದು ನಿಮಿಷ ಅಲ್ವಾ" ಅಂತ ಹಾಗೆಯೇ ಪೇಟೆಗೆ ಹೋಗುವವರನ್ನು ನೋಡುತ್ತಲೇ ಇರುತ್ತೇನೆ.

ಚೈನು ಇಲ್ಲದಾಗ ಕೆಸರಿನ ಜಾಗಕ್ಕೆ ಮಾತ್ರ ಗಾಳಿಯನ್ನು ಮೂರನೇ ಒಂದು ಭಾಗ ಇಳಿಸಬಹುದು, 32 ಇದ್ದರೆ 22ರ ಹತ್ತಿರ. ಟಯರ್ ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ. ಅದಕ್ಕಿಂತ ಇಳಿಸಿದರೆ ಡಿಸ್ಕಿನಿಂದ ಟಯರ್ ಕಳಚುವ ಭಯ ಇದೆ. ಗಾಡಿಯಲ್ಲಿ ಬ್ಯಾಟರಿ ಪಂಪು ಇದ್ದರೆ ಮಾತ್ರ ಈ ಕೆಲಸ ಮಾಡಿ, ಡಾಂಬರಿಗೆ ಬರುವ ಮೊದಲು ವಾಪಸ್ ತುಂಬಿ. ಹೊರೆ ಇರುವ ಪಿಕಪ್ಪಿಗೆ ಇದು ಬೇಡವೇ ಬೇಡ.

ಗಾಡಿ ಹೂತಾಗ ಎಕ್ಸಲೇಟರ್ ಒತ್ತಿದಷ್ಟೂ ಗುಂಡಿ ಆಳ. ಚಕ್ರದ ಮುಂದೆ ಕೈಯಲ್ಲಿ ರಾಡಿ ತೆಗೆದು ಸೊಪ್ಪು, ಕಡಿ, ಅಡಿಕೆ ದಬ್ಬೆ ಹಾಕಿ, ಎರಡನೇ ಗೇರಿನಲ್ಲಿ ಮೆಲ್ಲ ಎಬ್ಬಿಸಿ. ಚಕ್ರದ ಹಿಂದೆ ಯಾರೂ ನಿಲ್ಲಬಾರದು, ದಬ್ಬೆ ಹಾರಿ ಬಂದರೆ ಕಾಲು ಮುರಿಯುತ್ತದೆ. ಇನ್ನು ಮೇ ತಿಂಗಳಲ್ಲಿ ಎರಡು ಆಳು ಹಿಡಿದು ಏರಿನಲ್ಲಿ ನೀರು ಪಕ್ಕಕ್ಕೆ ಹೋಗುವ ಹಾಗೆ ಅಡ್ಡಗಾಲುವೆ ತೆಗೆಸಿ, ಚಕ್ರ ಹೋಗುವ ಎರಡು ಸಾಲಿಗೆ ಜಂಬಿಟ್ಟಿಗೆ ಚೂರು ಹಾಕಿಸಿದರೆ ಆ ಮುಕ್ಕಾಲು ಕಿಲೋಮೀಟರಿನಲ್ಲಿ ಚೈನಿನ ಕೆಲಸವೂ ಬಹಳಷ್ಟು ಕಡಿಮೆಯಾಗುತ್ತದೆ.

ಬಿಚ್ಚಿದ ಹಳೇ ಟಯರನ್ನು ಅಂಗಡಿಯಲ್ಲೇ ಕೊಟ್ಟು ಬನ್ನಿ. ಗಿಡ ನೆಡಲು, ದನದ ಕೊಟ್ಟಿಗೆಗೆ ಅಂತ ಮನೆಗೆ ತಂದರೆ ತಳಕ್ಕೆ ನಾಲ್ಕು ತೂತು ಹೊಡೆಯಿರಿ. ಟಯರಿನೊಳಗೆ ನಿಂತ ನೀರು ಡೆಂಗಿ ಸೊಳ್ಳೆಗೆ ಬಹಳ ಇಷ್ಟದ ಜಾಗ.